ಆ ಯಕ್ಕು ಏನಾದ?

ಮೊನ್ನೆ ಊರಿಗೆ ಹೋದಾಗ ಅಟ್ಟ ಕ್ಲೀನ್ ಮಾಡುತ್ತಿದ್ದೆ. ಹಳೇ ಟಿವಿ ಆಂಟೆನಾದ ಎರಡು ಕಡ್ಡಿ ಸಿಕ್ಕವು. "ಬಿಸಾಕಬೇಡ ಕಣೋ, ಅವರೆ ಬಳ್ಳಿಗೆ ಆಸರೆ ಕೊಡಬಹುದು" ಅಂತ ಅಮ್ಮ ಇಸಿದುಕೊಂಡು ಹೋದರು. ನನಗೆ ಮಾತ್ರ ಆ ಕಡ್ಡಿಗಳನ್ನು ಕಂಡದ್ದೇ ತಡ, ಎರಡು ಸಂಗತಿ ಒಟ್ಟಿಗೇ ನೆನಪಾದವು. ಒಂದು 2019ರದು, ಇನ್ನೊಂದು ಅದಕ್ಕೂ ಇಪ್ಪತ್ತೈದು ವರ್ಷ ಹಿಂದಿನದು. ಒಂದಕ್ಕೊಂದು ನಂಟಿದೆ, ಸ್ವಲ್ಪ ತಾಳ್ಮೆಯಿಂದ ಓದಿ.

ನಮ್ಮೂರು ಇರುವುದು ಮಳವಳ್ಳಿಯಿಂದ ಶಿವನಸಮುದ್ರಕ್ಕೆ ಹೋಗುವ ಕಡೆ. ಕಾವೇರಿ ತುಂಬಿ ಹರಿಯುವಾಗ ಸರಿರಾತ್ರಿಯಲ್ಲಿ ಕಿವಿಗೊಟ್ಟರೆ ಗಗನಚುಕ್ಕಿಯ ಮೊರೆತ ಕೇಳುತ್ತದೆ ಅಂತ ನಮ್ಮಜ್ಜಿ ಹೇಳೋರು. ನನಗಂತೂ ಒಂದು ದಿನವೂ ಕೇಳಿಸಿಲ್ಲ. ಅಜ್ಜಿಗೆ ಕೇಳಿಸುತ್ತಿತ್ತು ಅನ್ನುವುದನ್ನು ನಂಬುತ್ತೇನೆ.

ಮೊದಲು 2019ರದು ಹೇಳಿಬಿಡುತ್ತೇನೆ. ಮೇ 20, ಸೋಮವಾರ. ಅಕ್ಕನ ಮಗ ಬೆಂಗಳೂರಿನಿಂದ ಬಂದಿದ್ದ. ಇಂಜಿನಿಯರಿಂಗ್ ಓದುವ ಹುಡುಗ, ಎಂಟಕ್ಕೆ ಮೊದಲು ಎದ್ದವನೇ ಅಲ್ಲ. ಅವತ್ತು ಆರೂವರೆಗೇ ಫೋನು ಹಿಡಿದು, ಸಿಗ್ನಲ್ ಸಿಗುತ್ತದೆ ಅಂತ ತಾರಸಿ ಹತ್ತಿ ಕೂತ. ಎಂಟಕ್ಕೆ ಕೆಳಗಿಳಿದು ಬಂದ. ಮುಖ ನೋಡಿದರೆ ಯಾರೋ ಹತ್ತಿರದವರು ಹೋಗಿಬಿಟ್ಟ ಹಾಗಿತ್ತು.

ನಮ್ಮ ಜಿಲ್ಲೆಯಲ್ಲಿ ಆ ವಾರ ಇದ್ದದ್ದು ಒಂದೇ ಮಾತು. ಇನ್ನು ಮೂರು ದಿನಕ್ಕೆ ಮಂಡ್ಯ ಲೋಕಸಭೆಯ ಮತ ಎಣಿಕೆ, ಸುಮಲತಾ ಅವರೋ ನಿಖಿಲ್ ಅವರೋ ಅಂತ ಟೀ ಅಂಗಡಿಯಿಂದ ಡೈರಿಯವರೆಗೂ ಚರ್ಚೆ. ಜಗಲಿಯ ಮೇಲೆ ಪೇಪರ್ ಓದುತ್ತಿದ್ದ ಅಪ್ಪ ಇವನ ಮುಖ ನೋಡಿ ಕೇಳಿದರು, "ಯಾಕಪ್ಪಾ, ಯಾರು ಗೆಲ್ತಾರಂತೆ?"

"ಬ್ರ್ಯಾನ್ ರಾಜ ಆಗ್ಬಿಟ್ಟ ತಾತ."

"ಯಾವ ಪಾರ್ಟಿಯವನು?"

:-)

ಅದು 'ಗೇಮ್ ಆಫ್ ಥ್ರೋನ್ಸ್' ಧಾರಾವಾಹಿಯ ಕೊನೆಯ ಕಂತು. 2011ರ ಏಪ್ರಿಲ್‌ನಲ್ಲಿ ಶುರುವಾದದ್ದು ಎಂಟು ಸೀಸನ್, 73 ಕಂತು ಆಗಿ ಅವತ್ತಿಗೆ ಮುಗಿಯಿತು. ಜಾರ್ಜ್ ಆರ್. ಆರ್. ಮಾರ್ಟಿನ್ ಅನ್ನುವವರು ಬರೆದ ಕಾದಂಬರಿ ಸರಣಿ ಅದಕ್ಕೆ ಮೂಲ. ನಮ್ಮ ಹುಡುಗ ಅಷ್ಟು ದಪ್ಪನೆಯ ಐದೂ ಪುಸ್ತಕ ಓದಿದ್ದಾನೆ. ಪಠ್ಯಪುಸ್ತಕ ಹಾಗೆ ಓದಿದ್ದರೆ ರ‍್ಯಾಂಕು ಬರುತ್ತಿತ್ತು ಅನ್ನುತ್ತಾಳೆ ಅಕ್ಕ.

ದೋಸೆ ತಿನ್ನುತ್ತಾ ಅವನು ಒಂದೊಂದೇ ದೂರು ಬಿಚ್ಚಿದ. ಏಪ್ರಿಲ್ ಕೊನೆಯಲ್ಲಿ ಬಂದ ಯುದ್ಧದ ಕಂತು ಎಷ್ಟು ಕತ್ತಲೆಂದರೆ ಯಾರು ಯಾರನ್ನು ಕಡಿದರು ಅಂತಲೇ ಕಾಣಲಿಲ್ಲವಂತೆ. ಕ್ಯಾಮೆರಾದವರು ತಪ್ಪೊಪ್ಪಿಕೊಳ್ಳದೆ ಜನ ಟಿವಿ ಸರಿಯಾಗಿ ಹೊಂದಿಸಿಕೊಂಡಿಲ್ಲ ಅಂದರಂತೆ. ಇನ್ನೊಂದು ಕಂತಿನಲ್ಲಿ ರಾಜರ ಕಾಲದ ಊಟದ ಮೇಜಿನ ಮೇಲೆ ಯಾರೋ ಇವತ್ತಿನ ಕಾಲದ ಕಾಫಿ ಲೋಟ ಮರೆತು ಬಿಟ್ಟಿದ್ದರಂತೆ. ಅದನ್ನೂ ಸಹಿಸಬಹುದಿತ್ತು. ಆದರೆ ಗುಲಾಮರನ್ನು ಬಿಡಿಸಿದ ಡೆನೇರಿಸ್ ಶರಣಾದ ಊರನ್ನೇ ಡ್ರ್ಯಾಗನ್ ಮೇಲೆ ಕೂತು ಸುಟ್ಟುಬಿಡೋದಾ? ಏಳು ಸೀಸನ್ ಕಟ್ಟಿದ್ದನ್ನು ಒಂದೇ ಕಂತಿನಲ್ಲಿ ಕೆಡವೋದಾ? ಕೊನೆಯ ಸೀಸನ್ ಹೊಸದಾಗಿ ಮಾಡಿಕೊಡಿ ಎಂದು ಹತ್ತು ಲಕ್ಷಕ್ಕೂ ಹೆಚ್ಚು ಜನ ಇಂಟರ್‌ನೆಟ್ಟಿನಲ್ಲಿ ಸಹಿ ಹಾಕಿದ್ದರು. ಅದರಲ್ಲಿ ಮಳವಳ್ಳಿ ತಾಲ್ಲೂಕಿನ ಒಂದು ತಾರಸಿಯ ಮೇಲಿಂದ ಬಿದ್ದ ಸಹಿಯೂ ಒಂದು.

"ಪುಸ್ತಕದಲ್ಲೂ ಹಾಗೇ ಇದೆಯೇನೋ?" ಅಂದೆ.

"ಪುಸ್ತಕ ಎಲ್ಲಿ ಮುಗಿದಿದೆ ಮಾವ? ಐದನೇದು ಬಂದಿದ್ದು 2011ರಲ್ಲಿ. ಆರನೇದು ಇನ್ನೂ ಬಂದೇ ಇಲ್ಲ. ಟಿವಿಯೋರು ಕಾಯದೆ ತಾವೇ ಮುಗಿಸಿಬಿಟ್ರು."

ನನಗೆ ನಗು ಬಂತು. ಅವನಿಗೆ ರೇಗಿತು. "ನಿನಗೇನು ಗೊತ್ತು ಬಿಡು ಮಾವ" ಅಂದ.

ನನಗೆ ಗೊತ್ತಿತ್ತು. ನಮಗೂ ಒಂದಿತ್ತು.

'ಚಂದ್ರಕಾಂತಾ' ನೆನಪಿದೆಯಾ ನಿಮಗೆ? 1994ರಿಂದ 1996ರವರೆಗೆ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಬರುತ್ತಿತ್ತು. ನೀರ್ಜಾ ಗುಲೇರಿ ಅವರ ನಿರ್ಮಾಣ. ನೌಗಢದ ರಾಜಕುಮಾರ ವೀರೇಂದ್ರಸಿಂಗ್, ವಿಜಯಗಢದ ರಾಜಕುಮಾರಿ ಚಂದ್ರಕಾಂತಾ. ಶಿಖಾ ಸ್ವರೂಪ್ ಚಂದ್ರಕಾಂತಾ, ಶಹಬಾಜ್ ಖಾನ್ ವೀರೇಂದ್ರ. ಆಮೇಲೆ ದೊಡ್ಡ ಹೆಸರು ಮಾಡಿದ ಇರ್ಫಾನ್ ಖಾನ್ ಅದರಲ್ಲಿ ಬದ್ರಿನಾಥ್ ಅನ್ನುವ ಅಯ್ಯಾರ. ಅಯ್ಯಾರ ಅಂದರೆ ಕ್ಷಣದಲ್ಲಿ ವೇಷ ಬದಲಿಸುವ ಗೂಢಚಾರ. 2020ರ ಏಪ್ರಿಲ್‌ನಲ್ಲಿ ಇರ್ಫಾನ್ ತೀರಿಕೊಂಡ ಸುದ್ದಿ ಬಂದಾಗ ಊರೆಲ್ಲ ಬೇರೆ ಬೇರೆ ಸಿನಿಮಾ ನೆನೆಯಿತು, ನಮ್ಮಮ್ಮ "ನಮ್ಮ ಬದ್ರಿನಾಥ ಹೋದ್ನಂತೆ" ಅಂದರು.

ಇನ್ನು ಕ್ರೂರ್ ಸಿಂಗ್. ಅಖಿಲೇಂದ್ರ ಮಿಶ್ರ ಮಾಡಿದ ಪಾತ್ರ. ಮುಖದ ಅರ್ಧ ಹುಬ್ಬೇ. ಬಾಯಿ ತೆರೆದರೆ "ಯಕ್ಕೂ" ಅನ್ನುತ್ತಿದ್ದ. ನಾವೆಲ್ಲ ಇದ್ದಿಲಲ್ಲಿ ಹುಬ್ಬು ಬರೆದುಕೊಂಡು ಯಕ್ಕೂ ಯಕ್ಕೂ ಅಂತ ಬೀದಿ ಸುತ್ತಿದ್ದೇ ಸುತ್ತಿದ್ದು.

ಅಜ್ಜಿಗೆ ಹಿಂದಿಯ ಒಂದಕ್ಷರವೂ ಬರದು. ಮೊದಲ ಸಲ ಕ್ರೂರ್ ಸಿಂಗನನ್ನು ಕಂಡು ಕೇಳಿದ್ದು ಹೀಗೆ: "ಇವನ್ಯಾಕ್ಲಾ ಮಾತ್ ಮಾತ್ಗೂ ಎಕ್ಕುಟ್ಟೋಗ ಅಂತ ತನ್ನ ತಾನೇ ಬೈಕಂತನೆ?"

ಅವತ್ತಿಂದ ನಮ್ಮನೆಯಲ್ಲಿ ಅವನ ಹೆಸರು ಯಕ್ಕು.

ಕನ್ನಡಕ್ಕೆ ಡಬ್ಬಿಂಗ್ ಇಲ್ಲದ ಕಾಲ ಅದು. ರಾಮಾಯಣ, ಮಹಾಭಾರತವನ್ನೂ ಹಿಂದಿಯಲ್ಲೇ ನೋಡಿದ್ದರು ನಮ್ಮೂರಿನವರು. ಅದು ಕಷ್ಟವಾಗಿರಲಿಲ್ಲ, ಕತೆ ಮೊದಲೇ ಗೊತ್ತಲ್ಲ. ಭೀಷ್ಮ ಏನಂದ ಅಂತ ಯಾರೂ ಹೇಳಬೇಕಿರಲಿಲ್ಲ. ಚಂದ್ರಕಾಂತಾ ಹಾಗಲ್ಲ. ಕತೆ ಯಾರಿಗೂ ಗೊತ್ತಿಲ್ಲ. ಆರನೇ ಕ್ಲಾಸಿನಲ್ಲಿ ಹಿಂದಿ ಓದುತ್ತಿದ್ದ ನನ್ನನ್ನು ಅಜ್ಜಿ ಪಕ್ಕದಲ್ಲಿ ಕೂರಿಸಿಕೊಂಡು, ಅವರೆಕಾಯಿ ಸುಲಿಯುತ್ತಾ, "ಏನಂದ್ಲಾ? ಈಗೇನಂದ್ಲು?" ಅಂತ ತಿವಿಯುತ್ತಿದ್ದರು. ನನ್ನ ಹಿಂದಿಯೋ, ಕಮಲ್ ಘರ್ ಚಲ್ ದಾಟಿರಲಿಲ್ಲ. ಆದರೂ ಹೇಳುತ್ತಿದ್ದೆ. ಗೊತ್ತಾಗದ ಕಡೆ ಕಟ್ಟುತ್ತಿದ್ದೆ. ನಿಜ ಹೇಳಬೇಕೆಂದರೆ ಮುಕ್ಕಾಲು ಪಾಲು ಕಟ್ಟಿದ್ದೇ.

ನಮ್ಮ ಮನೆಗೆ ಟಿವಿ ನೋಡಲು ಬರುತ್ತಿದ್ದವರಲ್ಲಿ ಪುಸ್ತಕ ಓದಿದ್ದವರು ಒಬ್ಬರೇ, ನಮ್ಮ ಶಾಲೆಯ ಹಿಂದಿ ಮೇಷ್ಟ್ರು. ಊರಲ್ಲೇ ಒಂದು ರೂಮು ಮಾಡಿಕೊಂಡಿದ್ದರು. ಭಾನುವಾರ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ ಬಂದು ಮುಂದಿನ ಕುರ್ಚಿಯಲ್ಲಿ ಕೂರುವರು. ಹಾಡು ಮುಗಿದು ಐದು ನಿಮಿಷಕ್ಕೆ ಟಿವಿಯ ಜೊತೆ ಜಗಳ ಶುರು. "ಪುಸ್ತಕದಲ್ಲಿ ಹೀಗಿಲ್ಲ ಕಣ್ರೀ!"

ದೇವಕೀನಂದನ ಖತ್ರಿ 1888ರಲ್ಲಿ ಬರೆದ ಕಾದಂಬರಿ ಅದು. ಅದನ್ನು ಓದಲಿಕ್ಕೆಂದೇ ಜನ ಹಿಂದಿ ಕಲಿತರು ಎಂಬ ಮಾತಿದೆ. ಮೇಷ್ಟ್ರ ಸಿಟ್ಟಿಗೆ ಕಾರಣ ಎರಡು. ಪುಸ್ತಕದಲ್ಲಿ ಕ್ರೂರ್ ಸಿಂಗ್ ಕತೆ ಹೊತ್ತಿಸುವ ಬೆಂಕಿಕಡ್ಡಿ ಅಷ್ಟೇ, ಮುಂದೆ ನಿಜವಾದ ವೈರಿ ಚುನಾರಗಢದ ಶಿವದತ್ತ. ಸೀರಿಯಲ್ಲಿನವರು ಕಡ್ಡಿಯನ್ನೇ ದೀಪ ಮಾಡಿಬಿಟ್ಟರು. ಎರಡನೆಯದು ಇನ್ನೂ ದೊಡ್ಡದು. ಖತ್ರಿಯವರ ಅಯ್ಯಾರರಿಗೆ ಮಂತ್ರ ಬರದು. ಮೂರ್ಛೆ ತರಿಸುವ ಪುಡಿ, ಬಣ್ಣ, ಹಗ್ಗ, ಬುದ್ಧಿ, ಇಷ್ಟೇ ಅವರ ಆಸ್ತಿ. ತಿಲಿಸ್ಮ ಅನ್ನುವ ಮಾಯಾಕೋಟೆಯೂ ಕೊನೆಗೆ ಕೀಲು, ಗುಪ್ತದ್ವಾರ, ಯಂತ್ರಗಳಿಂದ ಕಟ್ಟಿದ್ದು. ಟಿವಿಯಲ್ಲಿ ನೋಡಿದರೆ ಕೈ ಎತ್ತಿದರೆ ಮಿಂಚು, ಕಣ್ಣು ಬಿಟ್ಟರೆ ಹೊಗೆ! "ಇದು ಬುದ್ಧಿಯ ಕತೆ, ಇವರು ದೆವ್ವದ ಕತೆ ಮಾಡಿದ್ದಾರೆ" ಅಂತ ಗೊಣಗಿಕೊಂಡೇ ಮೇಷ್ಟ್ರು ಹೋಗುವರು. ಮುಂದಿನ ಭಾನುವಾರ ಎಲ್ಲರಿಗಿಂತ ಮೊದಲು ಬಂದು ಕೂರುವರು.

ಆ ವರ್ಷವೇ ಶಾಲೆಯಿಂದ ಬ್ಲಫ್‌ಗೆ ಪಿಕ್ನಿಕ್ ಹೋಗಿದ್ದೆವು. ಮೇಲೆ ನಿಂತು ನೋಡಿದರೆ ದಪ್ಪ ದಪ್ಪ ಪೈಪುಗಳು ಸಾಲಾಗಿ ಇಳಿಜಾರಿನಲ್ಲಿ ಇಳಿದು, ಕೆಳಗೆ ಬೆಂಕಿಪೆಟ್ಟಿಗೆಯಷ್ಟು ಕಾಣುವ ಪವರ್ ಹೌಸಿಗೆ ಸೇರುತ್ತವೆ. 1902ರಲ್ಲಿ ಇಲ್ಲಿ ಹುಟ್ಟಿದ ಕರೆಂಟು ತಂತಿ ಹಿಡಿದು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿ ದೀಪ ಹೊತ್ತಿದ್ದೂ ಇದರಿಂದಲೇ. ಮೇಷ್ಟ್ರು ಪೈಪುಗಳನ್ನು ತೋರಿಸಿ ಅಂದರು, "ನೋಡ್ರೋ, ತಿಲಿಸ್ಮ ಅಂದ್ರೆ ಇದು. ನೀರು ಒಳಗೆ ಹೋಗುತ್ತೆ, ಬೆಳಕಾಗಿ ಆಚೆ ಬರುತ್ತೆ. ಮಂತ್ರ ಎಲ್ಲಿದೆ?"

ದೀಪದ ಬುಡದಲ್ಲೇ ಕತ್ತಲು ಅನ್ನುವ ಗಾದೆ ನಮ್ಮೂರಿಗೆ ಮಾಡಿದ್ದು. ಸರಿಯಾಗಿ ಕತ್ತಿ ಎತ್ತಿದ ಹೊತ್ತಿಗೆ ಕರೆಂಟು ಹೋಗುತ್ತಿತ್ತು. ಗುಂಪು ಚದುರುತ್ತಿತ್ತು, ಮೇಷ್ಟ್ರು ಎದ್ದು ಹೋಗುವರು. ಅಜ್ಜಿ ಮಾತ್ರ ಕದಲುತ್ತಿರಲಿಲ್ಲ. "ಮುಂದಕೇನಾಯ್ತು, ಯೋಳ್ಲಾ."

ಟಿವಿ ಆರಿದ ಮೇಲೂ ಕತೆ ನಡೆಯಬೇಕು ಅನ್ನುವುದು ಅಜ್ಜಿಯ ಲೆಕ್ಕ. ಅವರು ಬೆಳೆದದ್ದು ದೇವರಗುಡ್ಡರು ಬೆಳಗಿನವರೆಗೆ ಮಾದಪ್ಪನ ಕತೆ ಹಾಡುವುದನ್ನು ಕೇಳಿಕೊಂಡು. ಅಲ್ಲಿ ಹಾಡುವವನು ತನಗೆ ಬಂದಂತೆ ಹಿಗ್ಗಿಸಬಹುದು, ಕುಗ್ಗಿಸಬಹುದು. ಆದರೆ ಸಂಕಮ್ಮನ ಸಾಲನ್ನು ಅವಸರದಲ್ಲಿ ಹಾರಿಸಿದರೆ ಹಿಂದಿನಿಂದ ಅಜ್ಜಿಯೇ ಕೂಗುತ್ತಿದ್ದರು, "ಏ, ಅದನ್ಯಾಕ್ ಬುಟ್ಟೆ? ಇಂದಕ್ ಓಗಿ ಯೋಳು." ಅವನು ಕಂಸಾಳೆ ತಡೆದು, ಹಿಂದಕ್ಕೆ ಹೋಗಿ ಹೇಳುತ್ತಿದ್ದ.

ಹಾಗಾಗಿ ನಾನೂ ಹೇಳುತ್ತಿದ್ದೆ. ನನ್ನ ಕತೆಯಲ್ಲಿ ವೀರೇಂದ್ರ ಬ್ಲಫ್‌ನ ಪೈಪಿನೊಳಗೆ ನುಸುಳಿ ತಿಲಿಸ್ಮ ಒಡೆಯುತ್ತಿದ್ದ. ಯಕ್ಕು ಭರಚುಕ್ಕಿಯಲ್ಲಿ ಬಿದ್ದು ತೇಲಿಹೋಗಿ, ಸತ್ತ ಅಂದುಕೊಂಡಾಗ ಎದ್ದು ಬರುತ್ತಿದ್ದ. ಅಜ್ಜಿ ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದರು. ಚಂದ್ರಕಾಂತಾಳಿಗಿಂತ ಯಕ್ಕುವಿನ ಮೇಲೇ ಅವರಿಗೆ ಪ್ರೀತಿ. "ಕೆಟ್ಟೋನೇ. ಆದ್ರೂ ಅವ್ನಿಲ್ದಿದ್ರೆ ಕತೆ ಸಪ್ಪೆ ಕಣ್ಲಾ."

1996ರಲ್ಲಿ ಸೀರಿಯಲ್ ನಿಂತಿತು. ನಾನು ಹೈಸ್ಕೂಲಿಗೆ ಹೋದೆ, ಕ್ರಿಕೆಟ್ಟು ಹಿಡಿಯಿತು.

ಮುಂದಿನ ವರ್ಷ ಅಜ್ಜಿ ಆಸ್ಪತ್ರೆಯಲ್ಲಿದ್ದರು. ಭಾನುವಾರ ನೋಡಲು ಹೋಗಿದ್ದೆ. ಗ್ಲೂಕೋಸ್ ಹಾಕಿದ್ದ ಕೈಯಲ್ಲೇ ನನ್ನ ಬೆರಳು ಹಿಡಿದು ಕೇಳಿದರು, "ಆ ಯಕ್ಕು ಕೊನೆಗೇನಾದ್ನ್ಲಾ?"

ಸುತ್ತ ದೊಡ್ಡವರೆಲ್ಲ ನಿಂತಿದ್ದರು. ನನಗೆ ನಾಚಿಕೆಯಾಯಿತು. "ಗೊತ್ತಿಲ್ಲ ಅಜ್ಜಿ, ಸೀರಿಯಲ್ ನಿಂತೋಯ್ತಲ್ಲ" ಅಂದುಬಿಟ್ಟೆ. ಎರಡು ವರ್ಷ ಸುಳ್ಳು ಹೇಳಿದವನು ಒಂದೇ ಒಂದು ಸಲ ನಿಜ ಹೇಳಿದ್ದು, ಅದೂ ಆ ಹೊತ್ತಿನಲ್ಲಿ. ಬುಧವಾರ ಅಜ್ಜಿ ಹೋದರು.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಮತ್ತೆ 2019ಕ್ಕೆ ಬರುತ್ತೇನೆ. ಮಾರನೇ ದಿನ ಹುಡುಗನನ್ನು ಬೈಕಿನಲ್ಲಿ ಕೂರಿಸಿಕೊಂಡು ಮಳವಳ್ಳಿಗೆ ಹೋದೆ. ರಿಟೈರ್ ಆಗಿ ಅಲ್ಲೇ ಮನೆ ಕಟ್ಟಿಕೊಂಡಿದ್ದ ಹಿಂದಿ ಮೇಷ್ಟ್ರ ಮುಂದೆ ಅವನನ್ನು ಕೂರಿಸಿದೆ. ಡ್ರ್ಯಾಗನ್, ಬ್ರ್ಯಾನ್, ಕತ್ತಲ ಯುದ್ಧ ಎಲ್ಲವನ್ನೂ ಮೇಷ್ಟ್ರು ಗಂಭೀರವಾಗಿ ಕೇಳಿಸಿಕೊಂಡರು. ಆಮೇಲೆ ತಮ್ಮ ಹಳೆಯ ಸಿಟ್ಟನ್ನೂ ಹೊರತೆಗೆದರು. ಇಬ್ಬರಿಗೂ ಐವತ್ತು ವರ್ಷದ ಅಂತರ, ಸಿಟ್ಟು ಮಾತ್ರ ಒಂದೇ ಅಚ್ಚು. ಖತ್ರಿಯವರು ಚಂದ್ರಕಾಂತಾ ಆದ ಮೇಲೆ ಅವಳ ಮಕ್ಕಳ ಕತೆಯನ್ನು 24 ಭಾಗ ಬರೆದದ್ದು, 'ಭೂತನಾಥ' ಮುಗಿಸದೆ 1913ರಲ್ಲಿ ತೀರಿಕೊಂಡದ್ದು, ಮಗ ದುರ್ಗಾಪ್ರಸಾದರು ಅದನ್ನು ಪೂರ್ತಿ ಮಾಡಿದ್ದು ಎಲ್ಲ ಹೇಳಿದರು. ಹುಡುಗ "ಮಗ ಬರೆದದ್ದನ್ನ ಜನ ಒಪ್ಪಿಕೊಂಡ್ರಾ ಸರ್?" ಅಂತ ಕೇಳಿದ. "ಬೈಕೊಂಡು ಓದಿರ್ತಾರೆ" ಅಂದರು ಮೇಷ್ಟ್ರು. "ನಾನು ನೋಡ್ತಿರಲಿಲ್ವಾ?"

ಹೊರಡುವಾಗ ಗೇಟಿನ ಹತ್ತಿರ ನನಗೆ ಅಂದರು, "ನಿಮ್ಮಜ್ಜಿ ನೆನಪಾದ್ರು ಕಣಯ್ಯ. ಸೋಮವಾರ ಹಾಲು ತಗೊಳ್ಳೋಕೆ ಬಂದ್ರೆ ನನ್ನ ನಿಲ್ಲಿಸಿ ನಿಜವಾದ ಕತೆ ಕೇಳ್ಕೊಳ್ತಿದ್ರು."

ನಾನು ತಬ್ಬಿಬ್ಬಾದೆ. "ಅಂದ್ರೆ... ನಾನು ಕಟ್ಟಿ ಹೇಳ್ತಿದ್ದದ್ದು ಅವರಿಗೆ ಗೊತ್ತಿತ್ತಾ?"

"ಮೊದಲನೇ ವಾರದಿಂದ. 'ನಮ್ ಐದ ಬ್ಯಾರೆ ತರ ಯೋಳ್ತಾನೆ ಮೇಷ್ಟ್ರೇ, ನೀವ್ ಯೋಳ್ಬುಟ್ಟೀರಿ ಅವ್ನಿಗೆ' ಅಂತ ನನ್ನಿಂದ ಮಾತು ತಗೊಂಡಿದ್ರು."

ಅಂದರೆ ಆಸ್ಪತ್ರೆಯಲ್ಲಿ ಅಜ್ಜಿ ಕೇಳಿದ್ದು ಟಿವಿಯ ಯಕ್ಕುವನ್ನಲ್ಲ, ನನ್ನ ಯಕ್ಕುವನ್ನು. ಅವನು ಏನಾದ ಅಂತ ಲೋಕದಲ್ಲಿ ಹೇಳಬಹುದಾಗಿದ್ದವನು ನಾನೊಬ್ಬನೇ.

ಬೈಕಿನಲ್ಲಿ ವಾಪಸು ಬರುವಾಗ ಇದನ್ನೇ ಯೋಚಿಸುತ್ತಿದ್ದೆ. ಹತ್ತು ಲಕ್ಷ ಜನರ ಸಹಿ ಅಂದರೆ ಹಿಂದಿನ ಸಾಲಿನಿಂದ "ಅದನ್ಯಾಕ್ ಬುಟ್ಟೆ, ಇಂದಕ್ ಓಗಿ ಯೋಳು" ಅಂತ ಕೂಗಿದ ಅಜ್ಜಿಯಂಥವರ ದನಿಯೇ ಅಲ್ಲವಾ? ಈಗಿನ ಕತೆಗಾರ ಕೂಗಿನ ಅಳತೆಯಲ್ಲಿಲ್ಲ. ಶೂಟಿಂಗ್ ಮುಗಿಸಿ ಮನೆಗೆ ಹೋಗಿಬಿಟ್ಟಿರುತ್ತಾನೆ. ಕೂಗಿದವರಿಗೆ ಸಿಟ್ಟೊಂದೇ ಉಳಿಯುತ್ತದೆ.

ಹುಡುಗನಿಗೆ ಕೇಳಿದೆ, "ಸರಿ ಬಿಡು. ನೀನಾಗಿದ್ರೆ ಹೇಗೆ ಮುಗಿಸ್ತಿದ್ದೆ?"

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಶುರು ಮಾಡಿದ ನೋಡಿ... ಊರು ಬಂದರೂ ಮುಗಿಯಲಿಲ್ಲ. ಹೊಂಗೆ ಮರದ ಕೆಳಗೆ ಬೈಕು ನಿಲ್ಲಿಸಿ ಕೇಳಿದೆ. ನನಗೆ ಆ ಹೆಸರುಗಳಲ್ಲಿ ಅರ್ಧ ಗೊತ್ತಿಲ್ಲ, ಪುಸ್ತಕದ್ದು ಯಾವುದು, ಅವನು ಕಟ್ಟಿದ್ದು ಯಾವುದು ತಿಳಿಯದು. ಕೇಳಲೂ ಇಲ್ಲ. ಅವನು ಉಸಿರು ತೆಗೆದುಕೊಳ್ಳಲು ನಿಂತಾಗಲೆಲ್ಲ "ಮುಂದಕ್ಕೇನಾಯ್ತು?" ಅಂತ ಮಾತ್ರ ಅಂದೆ.

ಯಕ್ಕು ಏನಾದ ಅನ್ನುವುದನ್ನು ಈಗ ಯೋಚಿಸಿಟ್ಟಿದ್ದೇನೆ. ಇಲ್ಲಿ ಬರೆಯುವುದಿಲ್ಲ, ಅದು ಅಜ್ಜಿಗೆ ಹೇಳಬೇಕಾದದ್ದು.

ನಿಮ್ಮ ಮನೆಯಲ್ಲಿ ಚಂದ್ರಕಾಂತಾ ಯಾರು ಹೇಳುತ್ತಿದ್ದರು? ಎಷ್ಟು ನಿಜ, ಎಷ್ಟು ಕಟ್ಟಿದ್ದು? ನೆನಪಿದ್ದರೆ ಬರೆಯಿರಿ.