ಒಬ್ಬನ ಗುಮಾನಿ, ಊರಿನ ಗುಮಾನಿ

ಸುಳ್ಳು ಸುದ್ದಿ ನಂಬಿ ಕೈಯೆತ್ತುವವರನ್ನು "ಹುಚ್ಚರು" ಎಂದು ಜರೆಯುವುದು ನಮ್ಮಲ್ಲಿ ರೂಢಿ. ಆ ಮಾತು ಕೇಳಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ಮನೋರೋಗದಿಂದ ನರಳಿದವನೊಬ್ಬ ನಮ್ಮ ಕುಟುಂಬದಲ್ಲೇ ಇದ್ದಾನೆ.

ಅವನು ನನ್ನ ಚಿಕ್ಕಪ್ಪನ ಮಗ. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಕೆಲಸ. 2016ರಲ್ಲಿ ಅವನಿಗೆ ಪಕ್ಕದ ಮನೆಯ ಮಗ್ಗದ ಸದ್ದಿನಲ್ಲಿ ತನ್ನ ಹೆಸರು ಕೇಳಿಸತೊಡಗಿತು. ಬೀದಿಯವರೆಲ್ಲ ತನ್ನನ್ನು ಮುಗಿಸಲು ಸಂಚು ಹೂಡಿದ್ದಾರೆ, ಮೊಬೈಲಿನ ಮೂಲಕ ತನ್ನ ಯೋಚನೆಗಳನ್ನು ಕದಿಯುತ್ತಿದ್ದಾರೆ ಎನ್ನತೊಡಗಿದ. ಊಟ, ನಿದ್ದೆ ಬಿಟ್ಟ. ಎರಡು ಸಲ ಮನೆ ಬಿಟ್ಟು ಹೋಗಿ ದೇವನಹಳ್ಳಿ ಕಡೆ ಅಲೆಯುತ್ತಾ ಸಿಕ್ಕಿದ. ಚಿಕ್ಕಮ್ಮ ತಾಯಿತ ಕಟ್ಟಿಸಿದರು. ಕೊನೆಗೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದೊಯ್ದೆವು. ಇದು ಸೈಕೋಸಿಸ್, ಮಾತ್ರೆ ನಿಲ್ಲಿಸಬೇಡಿ ಎಂದರು ವೈದ್ಯರು. ಕೆಲವು ತಿಂಗಳಲ್ಲಿ ಮಗ್ಗದ ಸದ್ದು ಅವನಿಗೆ ಮತ್ತೆ ಬರೀ ಸದ್ದಾಯಿತು.

ಸೈಕೋಸಿಸ್‌ನ ಭ್ರಮೆಗೂ ಊರಲ್ಲಿ ಹಬ್ಬುವ ಸಂಚಿನ ಕತೆಗೂ ಮೇಲ್ನೋಟಕ್ಕೆ ಹೋಲಿಕೆಯಿದೆ. ಎರಡರಲ್ಲೂ ಕಾಣದ ಶತ್ರುವಿದ್ದಾನೆ, ಎರಡೂ ಪುರಾವೆಗೆ ಜಗ್ಗುವುದಿಲ್ಲ. ಆದರೆ ರೋಗಿಯ ಸಂಚು ಸಾಮಾನ್ಯವಾಗಿ ಅವನೊಬ್ಬನ ವಿರುದ್ಧ. ಅದನ್ನು ಹೆಂಡತಿ, ತಾಯಿ, ಯಾರೂ ನಂಬುವುದಿಲ್ಲ. ಆ ಒಂಟಿತನವೇ ಅವನ ನರಕ. ಊರಿನ ಕತೆಯಲ್ಲಿ ಸಂಚು "ನಮ್ಮೆಲ್ಲರ" ವಿರುದ್ಧ. ಅದನ್ನು ಹೇಳುವವರು ಉಂಡು, ಮಲಗಿ, ಕೆಲಸಕ್ಕೆ ಹೋಗಿ ಬರುವ ಜನ. ಅಕ್ಕಪಕ್ಕದವರೂ ನಂಬುವುದರಿಂದ ಅದಕ್ಕೆ ಬಲ ಬರುತ್ತದೆ. ಅದಕ್ಕೆ ಮಾತ್ರೆಯಿಲ್ಲ.

2018ರಲ್ಲಿ ಇದನ್ನು ಕಣ್ಣಾರೆ ಕಂಡೆವು. ಕರಾಚಿಯ ಸಂಸ್ಥೆಯೊಂದು ಮಕ್ಕಳ ಸುರಕ್ಷತೆಗಾಗಿ ತಯಾರಿಸಿದ್ದ ವೀಡಿಯೊದ ಕೊನೆಯನ್ನು ಕತ್ತರಿಸಿ, ಮಕ್ಕಳ ಕಳ್ಳರು ಬಂದಿದ್ದಾರೆಂದು ವಾಟ್ಸ್ಯಾಪ್‌ನಲ್ಲಿ ಹರಿಬಿಟ್ಟರು. ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿ ಬಂದಿದ್ದ ರಾಜಸ್ಥಾನದ ಯುವಕನನ್ನು ಗುಂಪು ಬಡಿದು ಕೊಂದಿತು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಇಂಜಿನಿಯರ್ ಮುಹಮ್ಮದ್ ಆಝಂ ಬಲಿಯಾದರು. ಜೊತೆಗಿದ್ದವರು ಮಕ್ಕಳಿಗೆ ಚಾಕಲೇಟ್ ಕೊಟ್ಟದ್ದೇ ಸಂಶಯಕ್ಕೆ ಕಾರಣವಾಗಿತ್ತು. ಅದೇ ತಿಂಗಳು ವಾಟ್ಸ್ಯಾಪ್, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸುವಂತೆ ಮಿತಿ ಹೇರಿತು.

ಆ ವರ್ಷ ದೇಶದ ಹಲವೆಡೆ ಏಟು ತಿಂದವರಲ್ಲಿ ಮಾನಸಿಕ ಅಸ್ವಸ್ಥರೂ ಇದ್ದರು. ಗುರಿಯಿಲ್ಲದೆ ಅಲೆಯುವವರು, ಹೆಸರು ಕೇಳಿದರೆ ತಬ್ಬಿಬ್ಬಾಗುವವರು. ನನ್ನ ಚಿಕ್ಕಪ್ಪನ ಮಗ ಅಲೆದದ್ದು ಎರಡು ವರ್ಷ ಮೊದಲು. ಅಲ್ಲಾಹನ ಕೃಪೆ, ಅಷ್ಟೇ. ಎಲ್ಲರೂ ತನ್ನನ್ನು ಕೊಲ್ಲಲು ಹೊಂಚುತ್ತಿದ್ದಾರೆಂದು ಹೆದರುವ ರೋಗಿಗೆ, ಅದನ್ನು ನಿಜಮಾಡಿ ತೋರಿಸುವವರು ಆರೋಗ್ಯವಂತರು!

ಸುದ್ದಿ ಬಂದರೆ ಪರಿಶೀಲಿಸಬೇಕು, ಅತಿಯಾದ ಗುಮಾನಿಯಿಂದ ದೂರವಿರಬೇಕು ಎಂಬುದು ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ ಆದೇಶ. ಇದು ಬುದ್ಧಿ ಸ್ವಾಧೀನದಲ್ಲಿರುವವರಿಗೆ ಹೇಳಿದ ಮಾತು. ರೋಗಿಗೆ ಬೇಕಾದದ್ದು ಉಪದೇಶವಲ್ಲ, ಚಿಕಿತ್ಸೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಸಲಹೆ ಕೇಳಬಹುದು. ಊರಿನ ಗುಮಾನಿಗಾದರೋ ಗುಂಪಿನ ನಡುವೆ ನಿಂತು "ನೋಡಿದವರು ಯಾರಪ್ಪಾ?" ಎಂದು ಕೇಳುವ ಒಬ್ಬನಾದರೂ ಬೇಕು.