ಯಾವ ಬ್ರಾಹ್ಮಿ ಎಂದು ಕೇಳಲಿಲ್ಲ

ಒಂದೆಲಗವನ್ನು ನಮ್ಮ ಮಲೆನಾಡಿನಲ್ಲಿ ಬೆಳೆಸುವವರು ಕಡಿಮೆ, ಅದು ತಾನಾಗಿ ಬರುತ್ತದೆ. ಅಡಿಕೆ ತೋಟದ ಕಾಲುವೆಯಂಚು, ಗದ್ದೆಯ ಬದು, ಕೆರೆಯ ಹಿಂಬದಿ, ಹೀಗೆ ಮಣ್ಣು ಒಣಗದ ಕಡೆಯೆಲ್ಲ ಹರಡಿಕೊಂಡಿರುತ್ತದೆ. ಬೆಳಿಗ್ಗೆ ಒಂದು ಹಿಡಿ ಕಿತ್ತು ತಂದು, ಕಾಯಿತುರಿ, ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ರುಬ್ಬಿ, ಮಜ್ಜಿಗೆ ಬೆರೆಸಿ, ತುಪ್ಪದ ಒಗ್ಗರಣೆ ಕೊಟ್ಟರೆ ಮಧ್ಯಾಹ್ನಕ್ಕೆ ತಂಬುಳಿ. ಕೆಲವು ಕಡೆ ಇದನ್ನು ಉರಗೆ ಎನ್ನುತ್ತಾರೆ, ಘಟ್ಟದ ಕೆಳಗಿನ ತುಳುವರಿಗೆ ಇದು ತಿಮರೆ. ಮದ್ದಿನ ಮಾತು ಬಂದಾಗ ಮಾತ್ರ ಇದೇ ಸೊಪ್ಪು ಬ್ರಾಹ್ಮಿಯಾಗುತ್ತದೆ: ತಲೆಗೆ ಬ್ರಾಹ್ಮಿ ಎಣ್ಣೆ, ಪರೀಕ್ಷೆಗೆ ಓದುವ ಮಕ್ಕಳಿಗೆ ಬ್ರಾಹ್ಮಿ ರಸ. ಇದನ್ನೇ ಕೇಳುತ್ತ ಬೆಳೆದ ನನಗೆ ಬ್ರಾಹ್ಮಿ ಎಂಬ ಹೆಸರಿನ ಬೇರೊಂದು ಗಿಡ ಇದ್ದೀತೆಂಬ ಅನುಮಾನವೇ ಬರಲಿಲ್ಲ. ಅದರಿಂದಾಗಿ ನಮ್ಮೂರಿನ ಹೆಂಗಸರ ಸ್ವಸಹಾಯ ಸಂಘವೊಂದರ ಒಂದಿಡೀ ಹಂಗಾಮಿನ ದುಡಿಮೆಗೆ ಪೆಟ್ಟುಬಿತ್ತು.

ಆಯುರ್ವೇದ ಔಷಧಿ ತಯಾರಿಸುವವರೊಬ್ಬರು ಒಣಗಿಸಿದ ಬ್ರಾಹ್ಮಿಯನ್ನು ಕೊಳ್ಳುತ್ತೇವೆ ಎಂದಿದ್ದರು. ಸಂಘದ ಪರವಾಗಿ ಮಾತಾಡಿದವನು ನಾನು. ದರ ಕೇಳಿದೆ, ಎಷ್ಟು ಒಣಗಿರಬೇಕು ಎಂದು ಕೇಳಿದೆ, ಚೀಲ ಯಾರದ್ದು, ಸಾಗಣೆ ಯಾರದ್ದು ಎಂದೂ ಕೇಳಿದೆ. ಅವರು ಕಳಿಸಿದ ಕಾಗದದಲ್ಲಿ ಬ್ರಾಹ್ಮಿ ಎಂಬುದರ ಪಕ್ಕದಲ್ಲೇ ಬಕೋಪಾ ಮೊನ್ನಿಯೇರಿ ಎಂಬ ಸಸ್ಯಶಾಸ್ತ್ರದ ಹೆಸರು ಸ್ಪಷ್ಟವಾಗಿತ್ತು. ನಾನದನ್ನು ಓದಿಯೂ ಮುಂದೆ ಹೋದೆ. ಆ ಹೆಸರು ಕಂಪನಿಯವರ ಲೆಕ್ಕಕ್ಕೆ ಇರುವುದು, ನಮಗೆ ಬೇಕಾದ್ದು ಕನ್ನಡದ ಹೆಸರು ಎಂದುಕೊಂಡುಬಿಟ್ಟೆ. ಒಂದೆಲಗಕ್ಕೆ ಸೆಂಟೆಲ್ಲಾ ಏಷಿಯಾಟಿಕಾ ಎನ್ನುತ್ತಾರೆಂಬುದು ಯಾವ ಸಸ್ಯಪುಸ್ತಕ ತೆರೆದರೂ ಸಿಗುತ್ತಿತ್ತು.

ಮಳೆ ಹಿಡಿಯುತ್ತಿದ್ದಂತೆ ಬೀಳುಬಿದ್ದ ಗದ್ದೆಯೊಂದನ್ನು ಹಸನು ಮಾಡಿ ಬಳ್ಳಿ ನೆಟ್ಟರು. ಸೊಂಟ ಬಗ್ಗಿಸಿ ಕಳೆ ತೆಗೆದರು. ದೀಪಾವಳಿಯ ಹೊತ್ತಿಗೆ ಕೊಯ್ದು, ಬೇರಿಗಂಟಿದ ಕೆಸರನ್ನು ಹಳ್ಳದ ನೀರಲ್ಲಿ ಬಿಡಿಸಿ ಬಿಡಿಸಿ ತೊಳೆದು, ಬಣ್ಣ ಕೆಡದ ಹಾಗೆ ಜಗಲಿಯ ನೆರಳಲ್ಲಿ ಹರವಿ ಒಣಗಿಸಿದರು. ಹಸಿಯಿದ್ದಾಗ ರಾಶಿಯಾಗಿ ಕಂಡದ್ದು ಒಣಗಿದ ಮೇಲೆ ಚೀಲದ ತಳ ಸೇರುತ್ತದೆ. ಆ ಚೀಲ ತುಂಬಿಸುವುದರ ಹಿಂದೆ ಎಷ್ಟು ಕೆಲಸವಿತ್ತೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಉಗ್ರಾಣದಲ್ಲಿದ್ದವರು ಚೀಲ ಬಿಚ್ಚಿ ಒಂದು ಹಿಡಿ ಕೈಗೆತ್ತಿಕೊಂಡರು. ಇದು ಮಂಡೂಕಪರ್ಣಿ, ನಾವು ಕೇಳಿದ್ದು ಬ್ರಾಹ್ಮಿ ಎಂದರು. ಒಳಗಿನಿಂದ ಕುಂಡವೊಂದನ್ನು ತಂದು ಮುಂದಿಟ್ಟರು. ಒಂದೆಲಗದ್ದು ನೆಲ ಹಿಡಿದು ಹರಿಯುವ ಸಣಕಲು ಬಳ್ಳಿ. ಗಿಣ್ಣು ಗಿಣ್ಣಿಗೆ ಬೇರಿಳಿಸಿ, ಉದ್ದನೆಯ ತೊಟ್ಟಿನ ತುದಿಯಲ್ಲಿ ದುಂಡಗಿನ ಎಲೆಯೆತ್ತುತ್ತದೆ. ಎಲೆಯ ಅಂಚು ಕಚ್ಚುಕಚ್ಚು, ತೊಟ್ಟು ಕೂಡುವಲ್ಲಿ ಒಂದು ಸೀಳು. ಕುಂಡದಲ್ಲಿದ್ದ ಗಿಡಕ್ಕೆ ಇದರ ಹೋಲಿಕೆಯೇ ಇರಲಿಲ್ಲ. ರಸ ತುಂಬಿದ ದಪ್ಪ ದಂಟು, ಅದರ ಎರಡು ಬದಿಗೆ ಎದುರುಬದುರಾಗಿ ತೊಟ್ಟೇ ಇಲ್ಲದ ಪುಟ್ಟ ದಪ್ಪ ಎಲೆಗಳು, ತುದಿಯ ಹತ್ತಿರ ತಿಳಿನೇರಳೆ ಛಾಯೆಯ ಒಂಟಿ ಬಿಳಿ ಹೂವು. ಒಂದೆಲೆ ಬಾಯಿಗೆ ಹಾಕಿಕೊಂಡೆ. ಆ ಕಹಿ ಬಹಳ ಹೊತ್ತು ನಾಲಿಗೆ ಬಿಡಲಿಲ್ಲ. ಈ ಗಿಡವನ್ನು ನಾನು ಕೆರೆಯಂಚಿನ ಜೌಗಿನಲ್ಲಿ ನೋಡಿದ್ದೆ. ನೀರು ಬ್ರಾಹ್ಮಿ ಎಂದು ಅದಕ್ಕೊಂದು ಕನ್ನಡದ ಹೆಸರಿರುವುದು ಗೊತ್ತಾದದ್ದು ಅಲ್ಲೇ.

ಎರಡೂ ನೀರಿನ ಪಸೆಯಲ್ಲಿ ಬದುಕುವ ಗಿಡಗಳು, ಎರಡನ್ನೂ ಬುದ್ಧಿ ಚುರುಕಾಗಲೆಂದೇ ಕೊಡುತ್ತಾರೆ. ಗೊಂದಲ ಬೆಳೆದದ್ದು ಇದರಿಂದಲೇ ಇರಬೇಕು. ಆದರೆ ಚರಕ ಸಂಹಿತೆ ಮೇಧ್ಯ ರಸಾಯನಗಳ ಸಾಲಿನಲ್ಲಿ ಜ್ಯೇಷ್ಠಮಧು, ಅಮೃತಬಳ್ಳಿ, ಶಂಖಪುಷ್ಪಿಗಳ ಜೊತೆ ಹೇಳುವುದು ಮಂಡೂಕಪರ್ಣಿಯನ್ನು. ಬ್ರಾಹ್ಮೀ ಘೃತ ಬರುವುದು ಬೇರೆ ಕಡೆ, ಅಪಸ್ಮಾರದ ಚಿಕಿತ್ಸೆಯಲ್ಲಿ. ಭಾರತದ ಆಯುರ್ವೇದ ಫಾರ್ಮಕೋಪಿಯಾದಲ್ಲೂ ಬ್ರಾಹ್ಮಿ ಎಂದರೆ ಬಕೋಪಾ, ಮಂಡೂಕಪರ್ಣಿ ಎಂದರೆ ಸೆಂಟೆಲ್ಲಾ. ಕೇರಳದವರಿಗೆ ಬ್ರಾಹ್ಮಿ ನೀರು ಬ್ರಾಹ್ಮಿಯೇ. ಬಂಗಾಳದವರು ಅದನ್ನು ಬ್ರಾಹ್ಮಿ ಶಾಕ್ ಎಂದು ತುಪ್ಪದಲ್ಲಿ ಹುರಿದು ಉಣ್ಣುತ್ತಾರೆ, ನಮ್ಮ ಒಂದೆಲಗಕ್ಕೆ ಅವರಲ್ಲಿ ಥಾನ್‌ಕುನಿ ಎಂಬ ಬೇರೆಯೇ ಹೆಸರಿದೆ. ಗಿಡದೊಳಗಿನ ಸಾರವೂ ಒಂದಲ್ಲ: ಅದರಲ್ಲಿ ಬಕೋಸೈಡ್, ಇದರಲ್ಲಿ ಏಷಿಯಾಟಿಕೋಸೈಡ್. ಹಾಗಾಗಿ ಒಂದರ ಬದಲು ಇನ್ನೊಂದನ್ನು ಹಾಕಿ ಔಷಧಿ ಮಾಡಲು ಬರುವುದಿಲ್ಲ. ಉಗ್ರಾಣದವರು ನಮ್ಮ ಚೀಲಗಳನ್ನು ತಿರುಗಿಸಿ ಕಳಿಸಿದ್ದು ನ್ಯಾಯವೇ.

ಸಂಘದ ಸಭೆಯಲ್ಲಿ ನಿಂತು ಇದನ್ನೆಲ್ಲ ಹೇಳಬೇಕಾಗಿ ಬಂದದ್ದು ನನ್ನ ಬದುಕಿನ ಕಷ್ಟದ ಗಳಿಗೆಗಳಲ್ಲಿ ಒಂದು. ಯಾರೂ ಬೈಯಲಿಲ್ಲ. ಹಿರಿಯರೊಬ್ಬರು ಮಾತ್ರ, “ಹಂಗಾರೆ ಇಷ್ಟು ವರ್ಷ ನಾವು ತಿಂದದ್ದು ಬ್ರಾಹ್ಮಿ ಅಲ್ವಾ ತಮ್ಮಾ?” ಎಂದು ಕೇಳಿದರು. ಅವರ ದನಿಯಲ್ಲಿದ್ದದ್ದು ದುಡ್ಡಿನ ಚಿಂತೆಯಲ್ಲ, ಮೊಮ್ಮಕ್ಕಳಿಗೆ ಏನನ್ನೋ ತಿನ್ನಿಸಿಬಿಟ್ಟೆನೆಂಬ ಹೆದರಿಕೆ. “ನೀವು ತಿನ್ನಿಸಿದ್ದು ಒಳ್ಳೆಯ ಸೊಪ್ಪೇ ಅಕ್ಕಾ, ನಮ್ಮೂರಿನಲ್ಲಿ ಅದನ್ನು ಬ್ರಾಹ್ಮಿ ಅನ್ನೋದೂ ತಪ್ಪಲ್ಲ. ಆ ಹೆಸರನ್ನ ವಿಚಾರಿಸದೆ ಪೇಟೆಗೆ ಹೊತ್ತುಕೊಂಡು ಹೋದದ್ದು ನನ್ನ ತಪ್ಪು” ಎಂದೆ. ಈಗಲೂ ನನ್ನ ಅಭಿಪ್ರಾಯ ಅದೇ. ಊರಿನ ಹೆಸರನ್ನು ಅಳಿಸಿ ಪುಸ್ತಕದ ಹೆಸರನ್ನು ಹೇರಬೇಕಾಗಿಲ್ಲ, ಆದರೆ ಊರು ದಾಟಿ ವ್ಯವಹಾರಕ್ಕಿಳಿದಾಗ ಎರಡನ್ನೂ ಎದುರಿಗಿಟ್ಟುಕೊಳ್ಳಲೇಬೇಕು. ಒಂದು ಎಚ್ಚರ: ಇಲಿಕಿವಿ ಸೊಪ್ಪು ಎಂಬ ಹೆಸರಿನಲ್ಲೂ ಇದೇ ತೊಡಕಿದೆ. ಕೆಲವರು ಒಂದೆಲಗಕ್ಕೆ ಹಾಗೆನ್ನುತ್ತಾರೆ, ಕೆಲವರು ಹಳದಿ ಹೂವಿನ ಬೇರೆಯೇ ಒಂದು ಬಳ್ಳಿಗೆ.

ಆ ಚೀಲಗಳನ್ನು ಮಂಡೂಕಪರ್ಣಿ ಕೊಳ್ಳುವ ಇನ್ನೊಬ್ಬರು ಕಡಿಮೆ ದರಕ್ಕೆ ತೆಗೆದುಕೊಂಡರು. ಗದ್ದೆಯಲ್ಲಿ ಒಂದೆಲಗ ಹಾಗೇ ಇದೆ, ವಾರಕ್ಕೊಮ್ಮೆ ಹಸಿ ಸೊಪ್ಪು ಕಟ್ಟಾಗಿ ಪೇಟೆಗೆ ಹೋಗುತ್ತದೆ. ನೀರು ನಿಲ್ಲುವ ಕೆಳಗಿನ ಮೂಲೆಯಲ್ಲಿ ನೀರು ಬ್ರಾಹ್ಮಿಯ ದಂಟು ನೆಟ್ಟಿದ್ದಾರೆ. ಯಾರೇ ಬ್ರಾಹ್ಮಿ ಬೇಕೆಂದು ಬಂದರೂ ಬೇರು ಸಮೇತ ಒಂದು ಹಸಿ ಗಿಡ ಕಳಿಸಿ ಎಂದು ಸಂಘದವರು ಮೊದಲೇ ಹೇಳಿಬಿಡುತ್ತಾರೆ. ಕಾಗದ ಬಂದರೆ ಓದಲು ನನ್ನನ್ನೇ ಕರೆಯುತ್ತಾರೆ. ಸಸ್ಯಶಾಸ್ತ್ರದ ಹೆಸರನ್ನು ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ ಓದಿಸುತ್ತಾರೆ.