ಬಾಯ್‌ಕಾಟ್

ಮನುಷ್ಯನ ಹೆಸರು ಶಬ್ದವಾಗಿ ಉಳಿಯುವುದುಂಟು. ಆದರೆ ತಾನು ಬದುಕಿರುವಾಗಲೇ, ಅದೂ ತನಗೆ ಬೇಡವಾದ ಅರ್ಥದಲ್ಲಿ, ತನ್ನ ಹೆಸರು ಬಾಯಿಂದ ಬಾಯಿಗೆ ಹಬ್ಬಿದ್ದನ್ನು ಕಂಡವರು ವಿರಳ. ಕ್ಯಾಪ್ಟನ್ ಚಾರ್ಲ್ಸ್ ಬಾಯ್‌ಕಾಟನು ಅಂಥ ವಿರಳರಲ್ಲೊಬ್ಬನು.

ಐರ್ಲೆಂಡಿನ ಮೇಯೋ ಸೀಮೆಯಲ್ಲಿ, ಲಾಕ್ ಮಾಸ್ಕ್ ಸರೋವರದ ದಡದಲ್ಲಿ, ಈತನು ಅರ್ನ್ ಪ್ರಭುವಿನ ಜಮೀನುಗಳ ಪಾರುಪತ್ಯಗಾರನಾಗಿದ್ದನು. 1879ರಲ್ಲಿ ಬೆಳೆ ಕೆಟ್ಟಿತು. ಮರುವರ್ಷ ಒಕ್ಕಲುಗಳು ಗೇಣಿಯನ್ನು ನೂರಕ್ಕೆ 25ರಂತೆ ಇಳಿಸಬೇಕೆಂದು ಬೇಡಿದರು. ಒಡೆಯನು 10ಕ್ಕೆ ಮೇಲೆ ಒಪ್ಪಲಿಲ್ಲ. 1880ನೆಯ ಸೆಪ್ಟೆಂಬರ್ 19ರಂದು ಎನ್ನಿಸ್ ಎಂಬಲ್ಲಿ ಪಾರ್ನೆಲನು, ಒಕ್ಕಲೆಬ್ಬಿಸಿದವನ ಹೊಲವನ್ನು ಹಿಡಿದವನಿಗೆ ಪೆಟ್ಟು ಹಾಕಬೇಡಿರಿ, ಅವನೊಡನೆ ಎಲ್ಲ ಬಳಕೆಯನ್ನೂ ಬಿಟ್ಟುಬಿಡಿರಿ ಎಂಬರ್ಥದ ಭಾಷಣ ಮಾಡಿದನು. ಮೂರು ದಿನಗಳಲ್ಲಿಯೇ ಬಾಯ್‌ಕಾಟನು ಒಕ್ಕಲೆಬ್ಬಿಸುವ ನೋಟೀಸುಗಳನ್ನು ಕಳುಹಿಸಿದನು. ಆಮೇಲೆ ನಡೆದುದೇನು? ಮನೆಯಾಳುಗಳು ಬಿಟ್ಟುಹೋದರು, ಕಮ್ಮಾರನು ಬರಲಿಲ್ಲ, ಬಟ್ಟೆ ಒಗೆಯುವವಳು ಬರಲಿಲ್ಲ, ಅಂಗಡಿಯವರು ಸಾಮಾನು ಕೊಡಲೊಲ್ಲರು. ಬೆಳೆ ಹೊಲದಲ್ಲಿಯೇ ನಿಂತಿತು. ಉತ್ತರದಿಂದ ಐವತ್ತು ಮಂದಿ ಕೊಯ್ಲಿಗೆ ಬಂದರು. ಅವರ ಕಾವಲಿಗೆ ಸುಮಾರು ಸಾವಿರ ಸೈನಿಕರು! ಐನೂರು ಪೌಂಡು ಬಾಳುವ ಬೆಳೆಗೆ ಸುಮಾರು ಹತ್ತು ಸಾವಿರ ಪೌಂಡು ವೆಚ್ಚವಾಯಿತು.

ಈ ಶಿಕ್ಷೆಗೆ ಹೆಸರು ಬೇಕಾಯಿತು. ಅಮೆರಿಕದ ಪತ್ರಕರ್ತ ರೆಡ್‌ಪಾತನಿಗೆ ಹೊಳೆದದ್ದು 'ಆಸ್ಟ್ರಸಿಸಂ'. ಅದು ಹಳೆಯ ಅಥೆನ್ಸಿನಲ್ಲಿ ಗಡಿಗೆಯ ಚೂರುಗಳ ಮೇಲೆ ಹೆಸರು ಗೀಚಿ ಜನರನ್ನು ಗಡೀಪಾರು ಮಾಡುತ್ತಿದ್ದ ಪದ್ಧತಿಯಿಂದ ಬಂದ ಮಾತು. ಒಕ್ಕಲಿಗನ ನಾಲಿಗೆಗೆ ಅದು ಹೊರಳಲಾರದೆಂದು ಎಣಿಸಿ, ಸ್ಥಳದ ಪಾದ್ರಿ ಓ'ಮ್ಯಾಲಿಯು 'ಬಾಯ್‌ಕಾಟ್ ಮಾಡುವುದು ಎನ್ನೋಣ' ಎಂದನಂತೆ. ಪಂಡಿತರ ಶಬ್ದವು ಸೋತು ಹೊಲದ ಶಬ್ದವು ಗೆದ್ದಿತು. ಮುಂದೆ ಅದು ಫ್ರೆಂಚ್, ಜರ್ಮನ್, ರಷ್ಯನ್ ಭಾಷೆಗಳನ್ನು ಹೊಕ್ಕಿತು. 1905ರ ವಂಗಭಂಗದ ಕಾಲಕ್ಕೆ ಸ್ವದೇಶಿಯ ಜೊತೆಗಾರನಾಗಿ ನಮ್ಮಲ್ಲಿಯೂ ಮನೆಮಾತಾಯಿತು.

ಕನ್ನಡದಲ್ಲಿ ಇದನ್ನು ಬಹಿಷ್ಕಾರವೆನ್ನುತ್ತೇವೆ. ಇಲ್ಲಿಯೇ ತೊಡಕು. ಮೇಯೋದಲ್ಲಿ ಬಡವರು ಕೂಡಿ ಬಲ್ಲಿದನನ್ನು ದೂರವಿರಿಸಿದರು. ನಮ್ಮ ಹಳ್ಳಿಗಳ ಬಹಿಷ್ಕಾರವಾದರೋ ಹೆಚ್ಚಾಗಿ ಬಲ್ಲಿದರು ಬಡವನ ಬಾವಿ, ಬೆಂಕಿ, ಕೂಲಿಗಳನ್ನು ತಡೆದುದು. ಡಾ. ಅಂಬೇಡ್ಕರರು 1927ರಲ್ಲಿ ಆರಂಭಿಸಿದ ಮರಾಠಿ ಪತ್ರಿಕೆಗೆ 'ಬಹಿಷ್ಕೃತ ಭಾರತ'ವೆಂದು ಹೆಸರಿಟ್ಟುದು ಸುಮ್ಮನೆಯಲ್ಲ. ಒಂದೇ ಶಬ್ದದಿಂದ ಎರಡನ್ನೂ ಕರೆಯುವಾಗ ಆ ಭೇದವು ಮರೆಯಾಗುತ್ತದೆ. ವಿದೇಶೀ ಬಟ್ಟೆಯನ್ನು ಒಲ್ಲೆನೆಂದವನಿಗೂ ಕುಡಿಯುವ ನೀರನ್ನು ತಡೆದವನಿಗೂ ಏನು ಸಾಮ್ಯ?

ಕ್ಯಾಪ್ಟನನು 1880ನೆಯ ನವೆಂಬರ್ 27ರಂದು, ಬಾಡಿಗೆಗೆ ಯಾರೂ ಗಾಡಿ ಕೊಡದ್ದರಿಂದ ಸೈನ್ಯದ ರೋಗಿಗಳ ಬಂಡಿಯಲ್ಲಿ ಕುಳಿತು ಊರು ಬಿಟ್ಟನು. ಮರುವರ್ಷ ಅವನು ಹಿಂತಿರುಗಿದಾಗಲೂ ಹಗೆಯು ತಣ್ಣಗಾಗಿರಲಿಲ್ಲ.